ಬ್ರಿಡ್ಜ್ ಮೇಜಿನ ಪ್ರಾಮಾಣಿಕತೆ

ಬ್ರಿಡ್ಜ್ ಆಡುವ ಸದಸ್ಯ ಬಾಂಧವರಿಗೆ ನಾಲ್ಕು ಮಾತು. ಜೊತೆಗಾರರು ಒಂದು ನೋಟ್ರಂಪ್ ಎಂದ ಮೇಲೆ ನಾವು ಎರಡು ಡೈಮಂಡ್ ಎನ್ನುತ್ತೇವೆ. ಅನೇಕರ ಒಪ್ಪಂದದಲ್ಲಿ ಅದು ಕೈಯಲ್ಲಿ ಕನಿಷ್ಠ ಐದು ಹಾರ್ಟ್ಸ್ ಇರುವ ಸೂಚನೆ. ಇಂಥಲ್ಲಿ ‘ಅಲರ್ಟ್’ ಎನ್ನಬೇಕಾದವರು ಜೊತೆಗಾರರು. ಎದುರಾಳಿಗಳು ತಮ್ಮ ಸರದಿಯಲ್ಲಿ ಅರ್ಥ ಕೇಳಬಹುದು. ಆದರೆ ತಮ್ಮ ಜೊತೆಗಾರರಿಗೆ ತಿಳಿಯಲೆಂದೇ ಕೇಳಕೂಡದು.

ನಮ್ಮ ಜೊತೆಗಾರರು ತಪ್ಪು ಅರ್ಥ ಹೇಳಿದರೆ? ಬಿಡ್ಡಿಂಗ್ ಮುಗಿಯುವವರೆಗೆ ನಾವು ಮುಖದಲ್ಲೂ ತೋರಗೊಡದೆ, ಅದನ್ನು ಕೇಳಿಯೇ ಇಲ್ಲವೆಂಬಂತೆ ಆಡಬೇಕು. 2017ರ ನಿಯಮಾವಳಿಯಂತೆ, ಕಾಂಟ್ರಾಕ್ಟ್ ನಮ್ಮದಾದರೆ ಮೊದಲ ಎಲೆ ಬೀಳುವ ಮುನ್ನ, ಎದುರಾಳಿಗಳದಾದರೆ ಆಟ ಮುಗಿದೊಡನೆ, ಡೈರೆಕ್ಟರನ್ನು ಕರೆದು ತಿದ್ದಬೇಕು.

ತಕ್ಕಡಿ ನಮ್ಮ ಕಡೆಗೆ ವಾಲಿದ್ದು ಕಂಡರೆ ನಾವೇ ಹೇಳುವುದಿಲ್ಲವೇ? ಇಸ್ಪೀಟಿನ ಮೇಜಿನಲ್ಲೂ ಅದೇ ನ್ಯಾಯ.