ವೀಡಿಯೋ ಆಟಗಳಲ್ಲಿ ಪಾತ್ರವೈವಿಧ್ಯವಿಚಾರ

೧

ನಾಟ್ಯಶಾಸ್ತ್ರದ ಪ್ರಥಮಾಧ್ಯಾಯದಲ್ಲಿ ಬರುವ ಒಂದು ವೃತ್ತಾಂತವು ವಿದ್ವಾಂಸರಿಗೆ ಸುಪರಿಚಿತವಾದುದು. ಬ್ರಹ್ಮನು ನಾಲ್ಕು ವೇದಗಳ ಸಾರವನ್ನು ತೆಗೆದು ನಾಟ್ಯವೇದವನ್ನು ನಿರ್ಮಿಸಿದನಷ್ಟೆ. ಅದರ ಮೊದಲನೆಯ ಪ್ರಯೋಗವು ಮಹೇಂದ್ರನ ಧ್ವಜೋತ್ಸವದಲ್ಲಿ ನಡೆಯಿತು. ದೇವತೆಗಳಿಂದ ದೈತ್ಯರು ಸೋತ ಕಥೆಯೇ ಅದರ ವಸ್ತುವು. ಇದನ್ನು ಸಹಿಸಲಾರದೆ ದೈತ್ಯರು ವಿರೂಪಾಕ್ಷನನ್ನು ಮುಂದಿಟ್ಟುಕೊಂಡು, ವಿಘ್ನರೊಡಗೂಡಿ, ನಟರ ಮಾತು, ಚಲನೆ, ಸ್ಮೃತಿಗಳನ್ನು ಸ್ತಂಭನಗೊಳಿಸಿದರು. ಇಂದ್ರನು ಜರ್ಜರದಿಂದ ಅವರನ್ನು ಹೊಡೆದನು; ವಿಶ್ವಕರ್ಮನು ಭದ್ರವಾದ ನಾಟ್ಯಗೃಹವನ್ನು ಕಟ್ಟಿದನು; ದೇವತೆಗಳು ಅಲ್ಲಲ್ಲಿ ಕಾವಲಿಗೆ ನಿಂತರು. ಆದರೂ ಕಲಹವು ಮುಗಿಯಲಿಲ್ಲ. ಕಡೆಗೆ ಬ್ರಹ್ಮನು ಸಾಮೋಪಾಯವನ್ನು ಹಿಡಿದು ವಿಚಾರಿಸಲು, ವಿರೂಪಾಕ್ಷನು ತನ್ನ ಅಳಲನ್ನು ತೋಡಿಕೊಂಡನು. ದೇವತೆಗಳ ಇಚ್ಛೆಯಂತೆ ರಚಿತವಾದ ಈ ನಾಟ್ಯದಿಂದ ತಮಗೆ ತಿರಸ್ಕಾರವೇ ಫಲವಾಯಿತೆಂದೂ, ದೇವತೆಗಳಂತೆ ತಾವೂ ಬ್ರಹ್ಮನಿಂದಲೇ ಹುಟ್ಟಿದವರಾದುದರಿಂದ ಅವನು ಹೀಗೆ ಮಾಡಬಾರದಾಗಿತ್ತೆಂದೂ ಅವನು ಹೇಳಿದುದರ ತಾತ್ಪರ್ಯವು. ಬ್ರಹ್ಮನು ಇದನ್ನು ಉದ್ಧಟತನವೆಂದು ತಳ್ಳಿಹಾಕಲಿಲ್ಲ. ನಾಟ್ಯವು ನಿಮ್ಮದೊಂದೇ ಅಲ್ಲ, ದೇವತೆಗಳದೊಂದೇ ಅಲ್ಲ, ಮೂರು ಲೋಕಗಳ ಭಾವಗಳ ಅನುಕೀರ್ತನವದು ಎಂದು ಸಮಾಧಾನಪಡಿಸಿದನು.

ಇಲ್ಲಿ ಒಂದಂಶವನ್ನು ನಾವು ಸಾಕಷ್ಟು ಗಮನಿಸಿದಂತೆ ತೋರುವುದಿಲ್ಲ. ನಾವು ಶಿಷ್ಯರಿಗೆ ಕಂಠಪಾಠ ಮಾಡಿಸುವ ನಾಟ್ಯಲಕ್ಷಣವು, ತಮ್ಮನ್ನು ರಂಗದ ಮೇಲೆ ಕೀಳಾಗಿ ತೋರಿಸಿದರೆಂದು ನೊಂದವರ ಆಕ್ಷೇಪಕ್ಕೆ ಉತ್ತರವಾಗಿ ಹೊರಟಿತು. ಕಾವಲಿನಿಂದ ಆಗದ ಕೆಲಸವು ಆ ಲಕ್ಷಣದಿಂದ ಆಯಿತು.

ಇದೇ ಆಕ್ಷೇಪವು ನಮ್ಮ ಕಾಲದಲ್ಲಿ ವೀಡಿಯೋ ಆಟಗಳ ವಿಷಯದಲ್ಲಿ ಎದ್ದಿದೆ. ಸ್ತ್ರೀಯರು, ನಾನಾ ವರ್ಣದ ಜನರು, ಆದಿವಾಸಿಗಳು, ವೃದ್ಧರು, ಅಂಗವಿಕಲರು ಇವರೆಲ್ಲ ಆ ಆಟಗಳಲ್ಲಿ ಹೇಗೆ ಕಾಣಿಸಿಕೊಳ್ಳುತ್ತಾರೆ, ಕಾಣಿಸಿಕೊಳ್ಳುತ್ತಾರೆಯೇ ಎಂಬ ಪ್ರಶ್ನೆಯನ್ನು ಅನೇಕರು ಕೇಳುತ್ತಿದ್ದಾರೆ. ಮಕ್ಕಳ ಆಟದ ವಿಚಾರವು ಸಂಶೋಧನಪತ್ರಿಕೆಗೆ ತಕ್ಕದ್ದಲ್ಲವೆಂದು ಕೆಲವರಿಗೆ ತೋರಬಹುದು. ಆದರೆ ಭರತನ ಗ್ರಂಥದಲ್ಲಿಯೂ ದೇವತೆಗಳು ಬ್ರಹ್ಮನನ್ನು ಬೇಡಿದುದು ಒಂದು ಕ್ರೀಡನೀಯಕವನ್ನೇ ಎಂಬುದು ಸ್ಮರಣೀಯವು.

೨

ಈ ಆಟಗಳಿಗೂ ಕಾವ್ಯನಾಟಕಗಳಿಗೂ ಇರುವ ಭೇದವನ್ನು ಮೊದಲು ತಿಳಿಯತಕ್ಕದ್ದು. ಅದು ನನಗೆ ತಿಳಿದ ಬಗೆಯನ್ನು ಹೇಳುವೆನು. ನನ್ನ ತಂಗಿಯ ಮಗಳು ಒಂದು ಸಂಜೆ ಇಂತಹ ಆಟವೊಂದನ್ನು ಆಡುತ್ತಿದ್ದಳು. ನಾನು ಪಕ್ಕದಲ್ಲಿ ಕುಳಿತು ನೋಡುತ್ತಿದ್ದೆನು. ತೆರೆಯ ಮೇಲಿನ ವ್ಯಕ್ತಿಯು ಕಮರಿಗೆ ಬೀಳಲು ಅವಳು, "ಅಯ್ಯೋ ಮಾವ, ನಾನು ಸತ್ತೆ!" ಎಂದಳು. ಸತ್ತವನು ಅವಳಲ್ಲ, ಗಡ್ಡದ ಯೋಧನೊಬ್ಬನು. ವೈಯಾಕರಣನ ಕಿವಿಗೆ ಈ ಪ್ರಯೋಗವು ವಿಚಿತ್ರವಾಗಿ ಕೇಳಿಸಿತು. ರಾಮಾಯಣವನ್ನು ಓದುವವನು "ನಾನು ಬಿಲ್ಲನ್ನು ಮುರಿದೆ" ಎನ್ನುವುದಿಲ್ಲ. ಶಾಕುಂತಲವನ್ನು ನೋಡುವವನು "ನಾನು ಉಂಗುರವನ್ನು ಕಳೆದುಕೊಂಡೆ" ಎನ್ನುವುದಿಲ್ಲ. ಅವರಿಗೆ ಆ ಪಾತ್ರಗಳು ಪ್ರಥಮಪುರುಷದಲ್ಲಿಯೇ ಉಳಿಯುವುವು. ಆಟವಾಡುವವರು ಮಾತ್ರ ಸಾಮಾನ್ಯವಾಗಿ ಉತ್ತಮಪುರುಷವನ್ನೇ ಪ್ರಯೋಗಿಸುವರು. ಏಕೆಂದರೆ ಅಲ್ಲಿ ಓಡುವುದು, ಜಿಗಿಯುವುದು, ಆಯುಧವನ್ನೆತ್ತುವುದು ಅಥವಾ ಎತ್ತದಿರುವುದು ಎಲ್ಲವೂ ಆಡುವವನ ಬೆರಳಿನಿಂದಾಗತಕ್ಕದ್ದು. ಸಹೃದಯನು ಇಲ್ಲಿ ಕರ್ತೃವೂ ಆಗಿರುವನು.

ಹೀಗಿರಲಾಗಿ, ಆಟದಲ್ಲಿ ಯಾರನ್ನು "ನಾನು" ಎಂದು ಕರೆಯಲು ಅವಕಾಶವಿದೆ, ಯಾರನ್ನು "ಅವನು", "ಅವಳು" ಎಂದು ಮಾತ್ರವೇ ಕರೆಯಬಹುದಾಗಿದೆ ಎಂಬುದು ಕೇವಲ ಅಲಂಕಾರದ ಪ್ರಶ್ನೆಯಲ್ಲ. ಕರ್ತೃತ್ವವು ಯಾರಿಗೆ ಸಲ್ಲುವುದೆಂಬ ಪ್ರಶ್ನೆಯದು.

ದಿಮಿತ್ರಿ ವಿಲಿಯಮ್ಸ್ ಮೊದಲಾದ ವಿದ್ವಾಂಸರು ಅಮೆರಿಕದಲ್ಲಿ ಹೆಚ್ಚಾಗಿ ಮಾರಾಟವಾಗುತ್ತಿದ್ದ ೧೫೦ ಆಟಗಳನ್ನು ಪರೀಕ್ಷಿಸಿ, ಅವುಗಳಲ್ಲಿನ ಪಾತ್ರಗಳ ಜನಗಣತಿಯನ್ನೇ ಮಾಡಿ ೨೦೦೯ರಲ್ಲಿ ಪ್ರಕಟಿಸಿದರು. ಅದರ ಪ್ರಕಾರ ನೂರಕ್ಕೆ ಸುಮಾರು ೮೫ ಪಾತ್ರಗಳು ಪುರುಷರು. ಆ ದೇಶದ ನಿಜವಾದ ಜನಸಂಖ್ಯೆಯೊಡನೆ ಹೋಲಿಸಿದರೆ ಪುರುಷರು, ಬಿಳಿಯರು, ವಯಸ್ಕರು ಇವರ ಪ್ರಮಾಣವು ಅತಿಯಾಗಿಯೂ, ಸ್ತ್ರೀಯರು, ಹಿಸ್ಪಾನಿಕರು, ಅಮೆರಿಕದ ಮೂಲನಿವಾಸಿಗಳು, ಮಕ್ಕಳು, ವೃದ್ಧರು ಇವರ ಪ್ರಮಾಣವು ನ್ಯೂನವಾಗಿಯೂ ಇದ್ದಿತು. ಆಮೇಲಿನ ವರ್ಷಗಳಲ್ಲಿ ಆಟಗಳು ಬಹುವಾಗಿ ಬದಲಾಗಿವೆಯಾದರೂ, ಆಕ್ಷೇಪವು ಯಾವ ಸ್ಥಿತಿಯಿಂದ ಹುಟ್ಟಿತೆಂಬುದನ್ನು ಈ ಗಣನೆಯು ತಿಳಿಸುವುದು.

ಅಭ್ಯಾಸಬಲವು ಎಷ್ಟು ದೃಢವಾದುದೆಂಬುದಕ್ಕೆ ಇನ್ನೂ ಹಳೆಯದೊಂದು ನಿದರ್ಶನವುಂಟು. ಜಪಾನಿನ ನಿಂಟೆಂಡೋ ಸಂಸ್ಥೆಯವರು ೧೯೮೬ರಲ್ಲಿ "ಮೆಟ್ರಾಯ್ಡ್" ಎಂಬ ಆಟವನ್ನು ಹೊರತಂದರು. ಅದರ ಪ್ರಧಾನ ವ್ಯಕ್ತಿಯಾದ ಸ್ಯಾಮಸ್ ಆರಾನ್ ಆದ್ಯಂತವಾಗಿ ಕವಚಧಾರಿಯು. ಆಟವನ್ನು ಶೀಘ್ರವಾಗಿ ಮುಗಿಸಿದವರಿಗೆ ಕೊನೆಯಲ್ಲಿ ಕವಚವು ಕಳಚಿ, ಒಳಗಿದ್ದವಳು ಸ್ತ್ರೀಯೆಂದು ತಿಳಿಯುತ್ತಿದ್ದಿತು. ಆಟದ ಇಂಗ್ಲಿಷ್ ಕೈಪಿಡಿಯಲ್ಲಿ ಆಕೆಯನ್ನು ಪುಲ್ಲಿಂಗದಿಂದಲೇ ನಿರ್ದೇಶಿಸಿದ್ದರು. ಕವಚಕ್ಕೆ ಲಿಂಗವಿಲ್ಲ, ಆದರೂ ಅದರೊಳಗೆ ಪುರುಷನೇ ಇರುವನೆಂದು ಆಡುವವರು ಊಹಿಸುವರೆಂಬ ನಂಬಿಕೆಯ ಮೇಲೆಯೇ ಆ ಚಮತ್ಕಾರವು ನಿಂತಿದ್ದಿತು.

೩

ಇನ್ನು ಪೂರ್ವಪಕ್ಷವನ್ನು ವಿಚಾರಿಸೋಣ. ನಮ್ಮ ಅಲಂಕಾರಶಾಸ್ತ್ರವನ್ನೋದಿದವರಿಂದಲೇ ಅತ್ಯಂತ ಪ್ರಬಲವಾದ ಆಕ್ಷೇಪವು ಬರಬಹುದಾಗಿದೆ. ಭಟ್ಟನಾಯಕನು ಪ್ರತಿಪಾದಿಸಿ ಅಭಿನವಗುಪ್ತನು ಪರಿಷ್ಕರಿಸಿದ ಸಾಧಾರಣೀಕರಣದ ಮತದಲ್ಲಿ, ರಸಾನುಭವಕಾಲಕ್ಕೆ ಇವನು ಇಂಥವನು, ಇದು ಇಂಥ ದೇಶ ಎಂಬ ವಿಶೇಷಗಳು ಕರಗಿಹೋಗುವುವು. ಶಾಕುಂತಲದ ಮೊದಲನೆಯ ಅಂಕದಲ್ಲಿ ಬಾಣಕ್ಕೆ ಹೆದರಿ ಓಡುವ ಜಿಂಕೆಯ ಭಯವನ್ನೇ ಅಭಿನವಗುಪ್ತನು ಉದಾಹರಣೆಯಾಗಿ ತೆಗೆದುಕೊಂಡಿರುವನು. ಆ ಭಯವು ನನ್ನದೂ ಅಲ್ಲ, ಇನ್ನೊಬ್ಬನದೂ ಅಲ್ಲ. ಜಿಂಕೆಯೊಡನೆಯೇ ತನ್ಮಯನಾಗಬಲ್ಲ ಸಹೃದಯನಿಗೆ, ತನ್ನ ಮೈಬಣ್ಣದ, ತನ್ನ ನುಡಿಯ ನಾಯಕನೇ ಏಕೆ ಬೇಕು? ನನ್ನ ಸೋದರಸೊಸೆಯು ಗಡ್ಡದ ಯೋಧನಾಗಿಯೂ ಸುಖಿಸಲಿಲ್ಲವೇ?

ಇದಕ್ಕೆ ಸಮಾಧಾನವು ಎರಡು ಬಗೆ. ಮೊದಲನೆಯದಾಗಿ, ಆ ಜಿಂಕೆಯು ಸಾಧಾರಣವಾದುದು ಹೇಗೆ? ಕಾಳಿದಾಸನು "ಒಂದು ಪ್ರಾಣಿ ಓಡಿತು" ಎಂದು ಹೇಳಿ ಸುಮ್ಮನಾಗಲಿಲ್ಲ. ಕತ್ತಿನ ತಿರುವನ್ನೂ, ಬಾಯಿಂದ ಜಾರುವ ಅರೆಮೆದ್ದ ಹುಲ್ಲನ್ನೂ ಕಂಡು ತೋರಿಸಿದನು. ವಿಶೇಷವು ಸಮರ್ಪಕವಾದಲ್ಲಿಯೇ ಸಾಧಾರಣತ್ವವು ಸಿದ್ಧಿಸುವುದು. ವಿಶೇಷವನ್ನು ಅಳಿಸಿದರೆ ಉಳಿಯುವುದು ಸಾಧಾರಣವಲ್ಲ, ಶೂನ್ಯವು. ಭರತನು ಆವಂತೀ, ದಾಕ್ಷಿಣಾತ್ಯಾ, ಪಾಂಚಾಲೀ, ಔಡ್ರಮಾಗಧೀ ಎಂಬ ನಾಲ್ಕು ಪ್ರವೃತ್ತಿಗಳನ್ನು ವಿಧಿಸಿ, ನಾನಾದೇಶಗಳ ವೇಷ, ಭಾಷೆ, ಆಚಾರಗಳನ್ನು ರಂಗದ ಮೇಲೆ ತರಿಸಿದುದರ ರಹಸ್ಯವೂ ಇದೇ.

ಎರಡನೆಯದಾಗಿ, ತನ್ಮಯೀಭವನವು ಎರಡು ದಿಕ್ಕಿನಲ್ಲಿಯೂ ನಡೆಯತಕ್ಕದ್ದು. ಹುಡುಗಿಯು ಯೋಧನಾಗುವುದು ಒಳ್ಳೆಯದೇ. ಆದರೆ ಹುಡುಗನಿಗೆ ಹುಡುಗಿಯಾಗುವ, ಬಿಳಿಯನಿಗೆ ಆದಿವಾಸಿಯಾಗುವ ಸಂದರ್ಭವೇ ಒದಗದಿದ್ದರೆ, ಸಹೃದಯತೆಯ ಅಭ್ಯಾಸವು ಒಂದು ಪಕ್ಷಕ್ಕೆ ಮಾತ್ರ ಕಡ್ಡಾಯವಾಗಿ, ಇನ್ನೊಂದು ಪಕ್ಷವು ತನ್ನನ್ನೇ ಸಾಮಾನ್ಯಮನುಷ್ಯನೆಂದು ಭ್ರಮಿಸುವುದು. ಆದುದರಿಂದ ಪಾತ್ರವೈವಿಧ್ಯವು ಅಲ್ಪಸಂಖ್ಯಾತರಿಗೆ ತೋರುವ ದಾಕ್ಷಿಣ್ಯವೆಂದು ತಿಳಿಯುವುದು ಸರಿಯಲ್ಲ. ಅದು ಎಲ್ಲ ಆಡುವವರ ಸಹೃದಯತೆಗೂ ಬೇಕಾದ ಸಾಧನವು.

ಇನ್ನೊಂದು ಆಕ್ಷೇಪವುಂಟು: ಹೀಗೆ ಎಲ್ಲರನ್ನೂ ಸೇರಿಸಹೊರಟರೆ ಪಾತ್ರಗಳು ಲೆಕ್ಕ ತುಂಬಿಸುವ ಗೊಂಬೆಗಳಾಗುವುವು ಎಂಬುದು. ಇದು ಸತ್ಯಾಂಶವುಳ್ಳ ಮಾತೇ. ಇರುವಿಕೆಯೊಂದೇ ಸಾಲದು. ಸಂಸ್ಕೃತನಾಟಕಗಳಲ್ಲಿ ಸ್ತ್ರೀಯರೂ ಸೇವಕರೂ ಧಾರಾಳವಾಗಿ ಇದ್ದಾರೆ. ಆದರೆ ರಾಜನು ಸಂಸ್ಕೃತವನ್ನಾಡುವಲ್ಲಿ ಅವರು ಬಹುಮಟ್ಟಿಗೆ ಪ್ರಾಕೃತಗಳನ್ನೇ ಆಡಬೇಕು. ರಂಗದ ಮೇಲಿದ್ದರೂ ಅವರ ಅಂತಸ್ತು ಬಾಯಿ ತೆರೆದೊಡನೆ ಗೊತ್ತಾಗುತ್ತದೆ. ಇದನ್ನು ನಾವು ಮುಚ್ಚಿಡಬೇಕಾದುದಿಲ್ಲ. ಕ್ಷೇಮೇಂದ್ರನ ಔಚಿತ್ಯತತ್ತ್ವವನ್ನು ಇಲ್ಲಿಗೆ ಅನ್ವಯಿಸಿದರೆ, ಸ್ಥಾನವರಿಯದೆ ಇಟ್ಟ ಪಾತ್ರವು ಕೊರಳಿಗೆ ಕಟ್ಟಿದ ಒಡ್ಯಾಣದಂತೆ ನಗೆಗೀಡಾಗುವುದು. ಹಾಗಾದರೆ ಉಚಿತವಾದ ಕ್ರಮವಾವುದು?

೪

ಅದಕ್ಕೆ ಒಂದು ಉತ್ತಮ ನಿದರ್ಶನವು ಅಲಾಸ್ಕಾದಲ್ಲಿ ದೊರೆಯುತ್ತದೆ. ಅಲ್ಲಿನ ಕುಕ್ ಇನ್ಲೆಟ್ ಬುಡಕಟ್ಟು ಮಂಡಲಿಯವರು ಈ-ಲೈನ್ ಮೀಡಿಯಾ ಎಂಬ ಸಂಸ್ಥೆಯೊಡಗೂಡಿ, ಇನ್ಯುಪಿಯಾಕ್ ಜನರ ಕಥೆಯೊಂದನ್ನು ಆಧರಿಸಿ "ನೆವರ್ ಅಲೋನ್" ಎಂಬ ಆಟವನ್ನು ಮಾಡಿಸಿದರು. ಇದು ೨೦೧೪ರಲ್ಲಿ ಪ್ರಕಟವಾಯಿತು. ಆ ಭಾಷೆಯಲ್ಲಿ ಇದರ ಹೆಸರು "ಕಿಸಿಮಾ ಇಂಗಿಚುನಾ". ಎಡೆಬಿಡದ ಹಿಮಬಿರುಗಾಳಿಯ ಮೂಲವನ್ನು ಹುಡುಕುತ್ತ ನೂನಾ ಎಂಬ ಬಾಲೆಯೂ ಒಂದು ಬಿಳಿಯ ನರಿಯೂ ಹೊರಡುವರು. ಒಬ್ಬರಿಂದಾಗದುದನ್ನು ಇನ್ನೊಬ್ಬರು ಮಾಡಿದಲ್ಲದೆ ದಾರಿ ಸಾಗದು. ಕಥನವೆಲ್ಲವೂ ಇನ್ಯುಪಿಯಾಕ್ ಭಾಷೆಯಲ್ಲಿಯೇ ಕೇಳಿಸುವುದು, ಅನ್ಯರು ಅಡಿಬರಹವನ್ನೋದಿಕೊಳ್ಳಬೇಕು.

ಈ ಕಥೆಯನ್ನು ಹೇಳಿ ಉಳಿಸಿದವನು ರಾಬರ್ಟ್ ನಾಸ್ರುಕ್ ಕ್ಲೀವ್‌ಲೆಂಡ್ ಎಂಬ ಕಥೆಗಾರನು. ಆಟದವರು ಅವನ ಮಗಳಾದ ಮಿನ್ನೀ ಗ್ರೇಯವರ ಅನುಮತಿಯನ್ನು ಪಡೆದ ಮೇಲೆಯೇ ಕೆಲಸಕ್ಕೆ ತೊಡಗಿದರು. ಮೂಲಕಥೆಯ ಹುಡುಗನು ಆಟದಲ್ಲಿ ಹುಡುಗಿಯಾಗಿರುವನು. ಇಂತಹ ಪಾಠಾಂತರವು ಕಥೆಯ ಹಕ್ಕುದಾರರೊಡನೆ ಸೇರಿ ಮಾಡಿದುದಾದ್ದರಿಂದ ಪರಂಪರೆಯ ಮುಂದುವರಿಕೆಯಾಯಿತು. ಹೊರಗಿನವರು ತಾವಾಗಿಯೇ ಮಾಡಿದ್ದರೆ ಅಪಹರಣವಾಗುತ್ತಿದ್ದಿತು.

ಔಚಿತ್ಯವು ಎಲ್ಲಿ ಕಾಣುವುದೆಂಬುದಕ್ಕೆ ಒಂದೇ ವಿವರವು ಸಾಕು. ಉತ್ತರದಿಕ್ಕಿನ ಆಕಾಶದಲ್ಲಿ ಹಸುರಾಗಿ ಹೊಳೆಯುವ ಧ್ರುವಜ್ಯೋತಿಯನ್ನು ಹೊರಗಿನ ಚಿತ್ರಕಾರನು ಮನೋಹರವಾದ ಹಿನ್ನೆಲೆಯಾಗಿ ಬಳಸುತ್ತಿದ್ದನು. ಈ ಆಟದಲ್ಲಿಯಾದರೋ ಅದು ಕೆಳಗಿಳಿದು ನೂನಾಳನ್ನು ಕಸಿದೊಯ್ಯುವ ಭೂತಗಣವು. ಆ ಜನರ ಮಕ್ಕಳು ಕೇಳಿ ಬೆಳೆದ ನಂಬಿಕೆಯಂತೆ ಅದು ಉದ್ದೀಪನವಿಭಾವವಾಗುವುದು ಶೃಂಗಾರಕ್ಕಲ್ಲ, ಭಯಾನಕಕ್ಕೆ. ಇದು ಒಳಗಿನವರಿಗಲ್ಲದೆ ತಿಳಿಯದು. ಆಡುವವನು ಯಾವ ದೇಶದವನಾದರೂ ಆ ಬೆಳಕನ್ನು ಕಂಡು ತಲೆತಗ್ಗಿಸಲು ಕಲಿಯುವನು. ಸಾಧಾರಣೀಕರಣವೆಂದರೆ ಇದೇ. ಬ್ರಿಟಿಷ್ ಅಕಾಡೆಮಿಯವರು ೨೦೧೫ರಲ್ಲಿ ಇದಕ್ಕೆ ಚೊಚ್ಚಲ ಕೃತಿಯ ಪ್ರಶಸ್ತಿಯನ್ನಿತ್ತರು.

ಅದೇ ಪ್ರಶಸ್ತಿಯು ೨೦೨೪ರಲ್ಲಿ "ವೆಣ್ಬಾ" ಎಂಬ ಆಟಕ್ಕೆ ಸಂದಿತು. ಕೆನಡಾದ ಟೊರಾಂಟೋ ನಗರದಲ್ಲಿ ಸಿದ್ಧವಾಗಿ ೨೦೨೩ರಲ್ಲಿ ಹೊರಬಂದ ಇದರಲ್ಲಿ ಯುದ್ಧವೇ ಇಲ್ಲ. ೧೯೮೦ರ ದಶಕದಲ್ಲಿ ಅಲ್ಲಿಗೆ ವಲಸೆ ಹೋದ ತಮಿಳು ಗೃಹಿಣಿಯೊಬ್ಬಳು, ಹರಿದುಹೋದ ಅಡುಗೆಯ ಪುಸ್ತಕದ ಲುಪ್ತಭಾಗಗಳನ್ನು ಊಹಿಸಿ, ಇಡ್ಲಿ ಮೊದಲಾದ ತಿಂಡಿಗಳನ್ನು ಮಾಡುವಳು. ಮಗನು ತಾಯಿಯ ನುಡಿಯಿಂದ ದೂರವಾಗುತ್ತ ಹೋಗುವನು. ತ್ರುಟಿತವಾದ ಗ್ರಂಥಪಾಠವನ್ನು ಸರಿಪಡಿಸುವ ನಮ್ಮ ಕೆಲಸವೇ ಇಲ್ಲಿ ಕರುಣರಸದ ಆಟವಾಗಿದೆ. ಹರಿದ ಹಾಳೆಯನ್ನು ನೋಡಿ ಪಾಠವನ್ನೂಹಿಸುವವನು ತಮಿಳರವನೇ ಆಗಿರಬೇಕಾದುದಿಲ್ಲ. ಆದರೆ ಬರೆದವಳು ತಮಿಳಿನವಳೇ ಆಗಿರಬೇಕು.

ಪುಣೆಯ ನಾಡಿಂಗ್ ಹೆಡ್ಸ್ ಸಂಸ್ಥೆಯವರು ೨೦೨೦ರಲ್ಲಿ ಪ್ರಕಟಿಸಿದ "ರಾಜಿ" ಎಂಬ ಆಟದಲ್ಲಿ, ಅಸುರರು ಅಪಹರಿಸಿದ ತಮ್ಮನನ್ನು ಹುಡುಕುವ ಬಾಲೆಯೇ ನಾಯಿಕೆಯು. ನಮ್ಮ ದೇಶದ ಕಥೆಯೂ ಶಿಲ್ಪವೂ ಅದರಲ್ಲಿ ಲೋಕದ ಕಣ್ಣಿಗೆ ಬಿದ್ದುದು ಸಂತೋಷದ ಸಂಗತಿಯು. ಆದರೆ ಅಲ್ಲಿಯೂ ಅಸುರರು ಕೊಲ್ಲಲ್ಪಡುವವರೇ ಆಗಿದ್ದಾರೆ. ವಿರೂಪಾಕ್ಷನ ಪ್ರಶ್ನೆಯನ್ನು ನಾವು ಪರರಿಗೆ ಕೇಳುವಂತೆ ನಮಗೂ ಕೇಳಿಕೊಳ್ಳಬೇಕಾಗಿದೆ.

೫

ಕನ್ನಡಿಗರಾದ ನಮಗೆ ಇದರಿಂದ ಒದಗುವ ಕರ್ತವ್ಯವೊಂದನ್ನು ಹೇಳಿ ಮುಗಿಸುವೆನು. ಮಲೆಯ ಮಾದೇಶ್ವರನ ಕಥೆಯನ್ನು ಹಾಡುವ ಕಂಸಾಳೆಯವರೂ, ಮಂಟೇಸ್ವಾಮಿಯ ಕಥೆಯನ್ನು ಹಾಡುವ ನೀಲಗಾರರೂ ನಮ್ಮ ನಡುವೆ ಇನ್ನೂ ಇದ್ದಾರೆ. ವಿದ್ವಾಂಸರು ಅವರ ಬಾಯಿಂದ ಕೇಳಿ ಆ ಕಾವ್ಯಗಳನ್ನು ಮುದ್ರಿಸಿದ್ದಾರೆ. ನಾಳೆ ಯಾವನಾದರೊಬ್ಬ ತರುಣನು ಇವನ್ನು ಆಟವಾಗಿಸಬೇಕೆಂದು ಬಂದರೆ, ಮೊದಲು ತಟ್ಟುವುದು ಗ್ರಂಥಾಲಯದ ಬಾಗಿಲನ್ನು. ಆಗ ನಾವು ಅಚ್ಚಾದ ಪುಸ್ತಕವನ್ನು ಅವನ ಕೈಗಿತ್ತು ಕಳುಹಿಸಿದರೆ ಅರ್ಧಕಾರ್ಯವೇ ಆದಂತಾಯಿತು. ಹಾಡುವವರ ಮನೆಯ ದಾರಿಯನ್ನೂ ತೋರಿಸಬೇಕು. ಯಾವುದನ್ನು ತೋರಿಸಬಹುದು, ಯಾವುದನ್ನು ತೋರಿಸಕೂಡದು, ಯಾರು "ನಾನು" ಆಗಬೇಕು ಎಂಬುದನ್ನು ನಿರ್ಧರಿಸುವಲ್ಲಿ ಅವರ ಮಾತು ಮೊದಲು ನಡೆಯಬೇಕು. ಬ್ರಹ್ಮನು ದೈತ್ಯರ ಅಳಲನ್ನು ಕೇಳಿದುದು ಮೊದಲನೆಯ ಪ್ರಯೋಗವು ಕೆಟ್ಟ ಮೇಲೆ. ನಾವು ಪ್ರಯೋಗಕ್ಕೆ ಮೊದಲೇ ಕೇಳಬಹುದಾಗಿದೆ.