ಸೆರೆಮನೆಯಲ್ಲಿ ನಾಯಿಯ ಪಾಠಶಾಲೆ

ನಾಯಿಯಿಲ್ಲದ ಊರು ನಮ್ಮ ನಾಡಿನಲ್ಲಿ ಇರಲಾರದು. ರಾಣೇಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನಂತಹ ಗ್ರಾಮವೇ ಇರಲಿ, ಹಾವೇರಿ, ಬ್ಯಾಡಗಿಗಳ ಪೇಟೆಯೇ ಇರಲಿ, ಓಣಿಗೆ ನಾಲ್ಕಾದರೂ ನಾಯಿಗಳು ನಮ್ಮ ಕಣ್ಣಿಗೆ ಬೀಳುತ್ತವೆ. ಅದೇ ತಾಲ್ಲೂಕಿನ ದೇವರಗುಡ್ಡದಲ್ಲಿ ಗೊರವರು ತಮ್ಮನ್ನು ದೇವರ ನಾಯಿಗಳೆಂದೇ ಭಾವಿಸಿ, ಬೊಗಳುತ್ತ ಸೇವೆ ಸಲ್ಲಿಸುವ ಸಂಪ್ರದಾಯವುಂಟು. ಹತ್ತನೆಯ ಶತಮಾನದ ಆತಕೂರು ಶಾಸನವು, ಕಾಡುಹಂದಿಯೊಡನೆ ಹೋರಾಡಿ ಮಡಿದ ‘ಕಾಳಿ’ ಎಂಬ ಬೇಟೆನಾಯಿಯ ನೆನಪನ್ನು ಕಲ್ಲಿನಲ್ಲಿ ಉಳಿಸಿದೆ. ನಾಯಿಯನ್ನು ಇಷ್ಟು ಹತ್ತಿರದಿಂದ ಬಲ್ಲ ನಾವು, ಅದು ಹೇಗೆ ಕಲಿಯುತ್ತದೆಂಬುದನ್ನು ಮಾತ್ರ ಅಷ್ಟಾಗಿ ವಿಚಾರಿಸಿದವರಲ್ಲ. ಈ ವಿಚಾರವನ್ನು ತಿಳಿಯಲು ಒಂದು ವಿಚಿತ್ರವಾದ ಪಾಠಶಾಲೆಯನ್ನು ಇಲ್ಲಿ ಪರಿಶೀಲಿಸೋಣ. ಅಲ್ಲಿ ವಿದ್ಯಾರ್ಥಿಯು ಯಾರಿಗೂ ಬೇಡವಾದ ನಾಯಿ, ಉಪಾಧ್ಯಾಯನು ಶಿಕ್ಷೆಗೊಳಗಾದ ಬಂದಿ, ಶಾಲೆಯೇ ಸೆರೆಮನೆ.

ಅನಾಥ ನಾಯಿಗಳಿಗಾಗಿ ಅನೇಕ ದೇಶಗಳಲ್ಲಿ ಆಶ್ರಯಗೃಹಗಳಿವೆ. ಬೀದಿಯಲ್ಲಿ ಸಿಕ್ಕ ನಾಯಿಗಳನ್ನೂ, ಒಡೆಯರು ತೊರೆದ ನಾಯಿಗಳನ್ನೂ ಅಲ್ಲಿ ಇರಿಸಿ, ಸಾಕಲು ಒಪ್ಪುವ ಕುಟುಂಬಗಳಿಗೆ ಕೊಡುತ್ತಾರೆ. ಆದರೆ ಆಶ್ರಯಗೃಹವೆಂಬುದು ನಾಯಿಗೆ ಸುಖದ ತಾಣವಲ್ಲ. ಹತ್ತಾರು ನಾಯಿಗಳ ಬೊಗಳಾಟ, ಅಪರಿಚಿತ ವಾಸನೆಗಳು, ದಿನಕ್ಕೊಬ್ಬ ಹೊಸ ಮನುಷ್ಯ, ಇವೆಲ್ಲ ಅದನ್ನು ಕಂಗೆಡಿಸುತ್ತವೆ. ದೇಹವು ಒತ್ತಡಕ್ಕೆ ಸಿಕ್ಕಿದಾಗ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ರಸವನ್ನು ಹೆಚ್ಚಾಗಿ ಸ್ರವಿಸುತ್ತವೆ. ಅಮೆರಿಕಾದ ಒಹಾಯೋ ಸಂಸ್ಥಾನದ ರೈಟ್ ಸ್ಟೇಟ್ ವಿಶ್ವವಿದ್ಯಾಲಯದ ಮೈಕೇಲ್ ಹೆನೆಸಿ ಮತ್ತು ಅವರ ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಶ್ರಯಗೃಹಕ್ಕೆ ಬಂದ ಮೊದಲ ಮೂರು ದಿನಗಳಲ್ಲಿ ನಾಯಿಗಳ ರಕ್ತದಲ್ಲಿ ಈ ರಸದ ಪ್ರಮಾಣವು ಮನೆಯ ನಾಯಿಗಳಲ್ಲಿರುವುದಕ್ಕಿಂತ ಬಹಳ ಹೆಚ್ಚಾಗಿದ್ದುದು ಕಂಡುಬಂದಿತು.

ಇಂತಹ ಸ್ಥಿತಿಯಲ್ಲಿ ನಾಯಿಯು ಬಂದವರ ಮೈಮೇಲೆ ಹಾರುತ್ತದೆ. ಇಲ್ಲವೇ ಮೂಲೆಯಲ್ಲಿ ಅಡಗಿ ಕುಳಿತುಕೊಳ್ಳುತ್ತದೆ. ನೋಡಲು ಬಂದ ಕುಟುಂಬವು ಮುಂದಿನ ಗೂಡಿಗೆ ಸಾಗುತ್ತದೆ. ಆಯ್ಕೆಯಾಗದ ನಾಯಿಯು ಆಶ್ರಯಗೃಹದಲ್ಲಿ ಇನ್ನಷ್ಟು ದಿನ ಉಳಿಯುತ್ತದೆ. ಉಳಿದಷ್ಟೂ ಅದರ ನಡತೆಯು ಕೆಡುತ್ತದೆ. ಸ್ಥಳವು ಸಾಲದ ಕಡೆಗಳಲ್ಲಿ ಇಂತಹ ನಾಯಿಗೆ ಮರಣವೇ ಗತಿ. ನಾಯಿಗೆ ಕೆಲವು ಸಾಧಾರಣ ನಡವಳಿಕೆಗಳನ್ನು ಕಲಿಸಿದರೆ ಈ ಸುಳಿಯಿಂದ ಅದನ್ನು ಪಾರುಮಾಡಬಹುದು. ಆದರೆ ಕಲಿಸುವುದಕ್ಕೆ ಬಿಡುವು ಬೇಕು. ಆಶ್ರಯಗೃಹದ ಸಿಬ್ಬಂದಿಗೆ ಇಲ್ಲದಿರುವುದೂ ಅದೇ.

ಬಿಡುವು ಬೇಕಾದಷ್ಟು ಇರುವ ಸ್ಥಳವೊಂದುಂಟು, ಅದು ಸೆರೆಮನೆ. ಈ ಎರಡು ಸಂಗತಿಗಳನ್ನು ಜೋಡಿಸುವ ಕಾರ್ಯವು 1981ರಲ್ಲಿ ಅಮೆರಿಕಾದ ವಾಷಿಂಗ್ಟನ್ ಸಂಸ್ಥಾನದ ಗಿಗ್ ಹಾರ್ಬರ್ ಬಳಿಯ ಮಹಿಳಾ ಕಾರಾಗೃಹದಲ್ಲಿ ಆರಂಭವಾಯಿತು. ಮುಂದೆ ಸಿಸ್ಟರ್ ಪಾಲೀನ್ ಎಂದು ಹೆಸರಾದ ಕ್ಯಾಥಿ ಕ್ವಿನ್ ಎಂಬುವರು ಇದರ ಪ್ರೇರಕರು. ಬಾಲ್ಯದಲ್ಲಿ ಮನೆಬಿಟ್ಟು, ಸಂಸ್ಥೆಯಿಂದ ಸಂಸ್ಥೆಗೆ ಅಲೆದ ಅವರಿಗೆ ಬದುಕಿನಲ್ಲಿ ಧೈರ್ಯವನ್ನು ತಂದುಕೊಟ್ಟುದು ಒಂದು ಜರ್ಮನ್ ಷೆಫರ್ಡ್ ನಾಯಿ. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಪಶುವೈದ್ಯ ಕಾಲೇಜಿನ ಮುಖ್ಯಸ್ಥರಾಗಿದ್ದ ಲಿಯೋ ಬುಸ್ಟಾಡ್ ಅವರು ಈ ಯೋಜನೆಗೆ ಬೆಂಬಲವಿತ್ತರು. ಆಶ್ರಯಗೃಹದಿಂದ ತಂದ ನಾಯಿಗಳನ್ನು ಬಂದಿಗಳು ಪಳಗಿಸಿದರು. ಚುರುಕಾದವು ಅಂಗವಿಕಲರ ನೆರವಿಗೆ ಹೋದುವು. ಉಳಿದವು ಸಾಮಾನ್ಯ ಕುಟುಂಬಗಳಿಗೆ ಸಾಕುನಾಯಿಗಳಾದುವು. ಅನಂತರ ಇಂತಹ ಯೋಜನೆಗಳು ಅಮೆರಿಕಾದ ಅನೇಕ ಸೆರೆಮನೆಗಳಿಗೂ, ಬೇರೆ ದೇಶಗಳಿಗೂ ಹಬ್ಬಿದವು.

ಹಾಗಾದರೆ ಸೆರೆಮನೆಯ ಕೋಣೆಯಲ್ಲಿ ನಾಯಿಯು ಕಲಿಯುವ ಬಗೆ ಹೇಗೆ?

ರಷ್ಯದ ಶರೀರವಿಜ್ಞಾನಿ ಇವಾನ್ ಪಾವ್ಲೋವ್ ಅವರು ಜೀರ್ಣಕ್ರಿಯೆಯ ಅಧ್ಯಯನಕ್ಕಾಗಿ 1904ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದವರು. ಆಹಾರಕ್ಕೆ ಮೊದಲು ಪ್ರತಿಸಲವೂ ಒಂದು ಸಂಕೇತವನ್ನು ಕೊಡುತ್ತ ಬಂದರೆ, ಕೊನೆಗೆ ಆ ಸಂಕೇತವೊಂದರಿಂದಲೇ ನಾಯಿಯ ಬಾಯಲ್ಲಿ ಜೊಲ್ಲು ಸುರಿಯುವುದೆಂದು ಅವರು ತೋರಿಸಿದರು. ಅಮೆರಿಕಾದ ಎಡ್ವರ್ಡ್ ಥಾರ್ನ್‌ಡೈಕ್ ಅವರು 1898ರಲ್ಲಿ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾಡಿದ ಪ್ರಯೋಗಗಳಿಂದ ಇನ್ನೊಂದು ನಿಯಮವು ಹೊರಬಿತ್ತು. ಯಾವ ಕ್ರಿಯೆಯ ಹಿಂದೆಯೇ ಹಿತವಾದ ಫಲವು ದೊರೆಯುವುದೋ ಆ ಕ್ರಿಯೆಯನ್ನು ಪ್ರಾಣಿಯು ಮತ್ತೆ ಮತ್ತೆ ಮಾಡುತ್ತದೆ. ಸೆರೆಮನೆಯ ಪಾಠವೆಲ್ಲವೂ ಈ ಎರಡು ತತ್ತ್ವಗಳ ಮೇಲೆ ನಿಂತಿದೆ.

ಎರಡನೆಯ ನಿಯಮದಲ್ಲಿ ‘ಹಿಂದೆಯೇ’ ಎಂಬ ಮಾತು ಮುಖ್ಯವಾದುದು. ನಾಗರಪಂಚಮಿಯಂದು ಜೋಕಾಲಿ ಆಡಿಸಿದವರೆಲ್ಲರೂ ಇದನ್ನು ಬಲ್ಲರು. ಜೋಕಾಲಿಯು ಹಿಂದಕ್ಕೆ ಬಂದು, ಮುಂದಕ್ಕೆ ತಿರುಗುವ ಕ್ಷಣದಲ್ಲಿ ಮೆಲ್ಲನೆ ನೂಕಿದರೂ ಅದು ಪ್ರತಿಸಲ ಇನ್ನಷ್ಟು ಎತ್ತರಕ್ಕೆ ಏರುತ್ತದೆ. ಅದು ಇನ್ನೂ ಹಿಂದಕ್ಕೆ ಬರುತ್ತಿರುವಾಗ ಎಷ್ಟು ಬಲವಾಗಿ ನೂಕಿದರೂ ಅದರ ವೇಗವು ಕುಂದುವುದೇ ಹೊರತು ಹೆಚ್ಚದು. ನಾಯಿಗೆ ಕೊಡುವ ತಿನಿಸಿನ ವಿಷಯವೂ ಹಾಗೆಯೇ. ಸಕಾಲದಲ್ಲಿ ಕೊಟ್ಟ ಚಿಕ್ಕ ತುಣುಕು ಹೊತ್ತುಮೀರಿ ಕೊಟ್ಟ ದೊಡ್ಡ ಊಟಕ್ಕಿಂತ ಹೆಚ್ಚು ಕಲಿಸುತ್ತದೆ.

ಇಲ್ಲಿಯೇ ಒಂದು ತೊಡಕು ಎದುರಾಗುತ್ತದೆ. ನಾಯಿಯು ಹತ್ತು ಮೀಟರು ದೂರದಲ್ಲಿ ಕುಳಿತಿತೆನ್ನೋಣ. ಸಾಮಾನ್ಯ ನಡಿಗೆಯಲ್ಲಿ ನಾವು ಅದನ್ನು ಮುಟ್ಟಲು ಸುಮಾರು 7 ಸೆಕೆಂಡು ಬೇಕು. ಅಷ್ಟರಲ್ಲಿ ಅದು ಎದ್ದು ನೆಲವನ್ನು ಮೂಸುತ್ತಿರುತ್ತದೆ. ತಿನಿಸು ಸಿಕ್ಕುವುದು ಮೂಸಿದುದಕ್ಕೆ! ಆದರೆ ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಸಾಗುವುದರಿಂದ, ಅದೇ ದೂರವನ್ನು ಒಂದು ಸೆಕೆಂಡಿನ ನೂರರಲ್ಲಿ ಮೂರು ಭಾಗದಷ್ಟು ಹೊತ್ತಿನಲ್ಲಿ ಕ್ರಮಿಸುತ್ತದೆ. ಆದುದರಿಂದ ತರಬೇತುಗಾರನು ಕೈಯಲ್ಲಿ ‘ಟಕ್’ ಎನ್ನುವ ಚಿಕ್ಕದೊಂದು ಸಾಧನವನ್ನು ಹಿಡಿದಿರುತ್ತಾನೆ. ಮೊದಲು ಆ ಸದ್ದಿನ ಹಿಂದೆ ತಪ್ಪದೆ ತಿನಿಸು ಬರುವುದೆಂದು ನಾಯಿಗೆ ರೂಢಿಮಾಡಿಸುತ್ತಾನೆ. ಇದು ಪಾವ್ಲೋವರ ಪಾಠ. ಅನಂತರ ನಾಯಿಯು ಕುಳಿತ ಕ್ಷಣದಲ್ಲಿಯೇ ‘ಟಕ್’ ಎನಿಸುತ್ತಾನೆ. ಇದು ಥಾರ್ನ್‌ಡೈಕರ ಪಾಠ. ತಿನಿಸು ಕೊಂಚ ತಡವಾಗಿ ಬಂದರೂ ಸದ್ದು ಆ ನಡುವಣ ಕಾಲಕ್ಕೆ ಸೇತುವೆಯಾಗುತ್ತದೆ. ಆಟಿಕೆಯ ಇಂತಹ ಸದ್ದಿನಿಂದ ನಾಯಿಗೆ ಕಲಿಸಬಹುದಾದ ಬಗೆಯನ್ನು ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಅವರು 1951ರಲ್ಲಿಯೇ ಜನಸಾಮಾನ್ಯರಿಗಾಗಿ ವಿವರಿಸಿದ್ದರು.

ಹೊಡೆದು ಕಲಿಸಬಾರದೇಕೆ ಎಂದು ಯಾರಾದರೂ ಕೇಳಬಹುದು. ಪೆಟ್ಟು ‘ಇದನ್ನು ಮಾಡಬೇಡ’ ಎಂದು ಹೇಳಬಲ್ಲುದು. ‘ಏನು ಮಾಡು’ ಎಂಬುದನ್ನು ಹೇಳಲಾರದು. ಅಲ್ಲದೆ ನೋವನ್ನು ನಾಯಿಯು ತನ್ನ ತಪ್ಪಿಗೆ ಜೋಡಿಸುವುದರ ಬದಲು ಹೊಡೆದವನ ಕೈಗೆ ಜೋಡಿಸಬಹುದು. ಕೈಯೆತ್ತಿದೊಡನೆ ಕಚ್ಚುವ ನಾಯಿಯನ್ನು ಯಾವ ಕುಟುಂಬವೂ ಸಾಕಲೊಪ್ಪದು.

ಪಾಠಗಳು ಸರಳವಾದುವು. ಕರೆದಾಗ ಮುಖವೆತ್ತಿ ನೋಡುವುದು, ಕುಳಿತುಕೊಳ್ಳುವುದು, ಹಗ್ಗವನ್ನು ಜಗ್ಗದೆ ಜೊತೆಯಲ್ಲಿ ನಡೆಯುವುದು, ಬಂದವರ ಮೈಮೇಲೆ ಹಾರದಿರುವುದು, ‘ಬಿಡು’ ಎಂದಾಗ ಬಾಯಲ್ಲಿರುವುದನ್ನು ಬಿಡುವುದು ಇತ್ಯಾದಿ. ಅನೇಕ ಸೆರೆಮನೆಗಳಲ್ಲಿ ನಾಯಿಯು ಬಂದಿಯ ಕೋಣೆಯಲ್ಲಿಯೇ ಮಲಗುತ್ತದೆ. ಹೊರಗಿನಿಂದ ಬರುವ ಪರಿಣತ ತರಬೇತುಗಾರರು ಬಂದಿಗಳಿಗೆ ಕ್ರಮವನ್ನು ಬೋಧಿಸುತ್ತಾರೆ. ಈ ಕೆಲಸಕ್ಕೆ ಎಲ್ಲ ಬಂದಿಗಳನ್ನೂ ತೆಗೆದುಕೊಳ್ಳುವುದಿಲ್ಲ. ಅವರ ನಡತೆಯನ್ನೂ ಹಿಂದಿನ ಅಪರಾಧವನ್ನೂ ಪರಿಶೀಲಿಸಿ ಆರಿಸುತ್ತಾರೆ. ಏಳುವುದು, ಉಣ್ಣುವುದು, ತಿರುಗಾಡುವುದು, ಮಲಗುವುದು ಎಲ್ಲವೂ ಗಂಟೆಗೆ ಸರಿಯಾಗಿ ನಡೆಯುವ ಸೆರೆಮನೆಯ ಕಟ್ಟುಪಾಡು ಮನುಷ್ಯನಿಗೆ ಶಿಕ್ಷೆ. ಮುಂದೇನಾಗುವುದೆಂದು ತಿಳಿಯದೆ ಬೆದರಿದ ನಾಯಿಗೆ ಅದೇ ಚಿಕಿತ್ಸೆ.

ಕಲಿಕೆಯು ಗಟ್ಟಿಯಾದ ಮೇಲೆ ತಿನಿಸನ್ನು ಕ್ರಮವಾಗಿ ಕಡಿಮೆಮಾಡುತ್ತಾರೆ. ಮೊದಲು ಪ್ರತಿಸಲ, ಅನಂತರ ಎರಡು ಮೂರು ಸಲಕ್ಕೊಮ್ಮೆ, ಕೊನೆಗೆ ಅಪರೂಪಕ್ಕೊಮ್ಮೆ. ಹೀಗೆ ಆಗೊಮ್ಮೆ ಈಗೊಮ್ಮೆ ದೊರೆಯುವ ಫಲವು ಅಭ್ಯಾಸವನ್ನು ಸುಲಭವಾಗಿ ಅಳಿಸಲಾಗದಷ್ಟು ಬಲಪಡಿಸುತ್ತದೆ. ಇದಕ್ಕೆ ಸಾಕ್ಷಿಯನ್ನು ಕುಪ್ಪೇಲೂರಿನ ಯಾವ ಮನೆಯ ಹೊಸ್ತಿಲಲ್ಲಿಯಾದರೂ ಕಾಣಬಹುದು. ಉಣ್ಣುವಾಗ ಬಂದು ಕೂರುವ ನಾಯಿಗೆ ಒಂಬತ್ತು ದಿನ ಗದರಿಸಿ, ಹತ್ತನೆಯ ದಿನ ಕನಿಕರದಿಂದ ರೊಟ್ಟಿಯ ಚೂರನ್ನು ಎಸೆದರೆ, ಅದು ಹೊಸ್ತಿಲನ್ನು ಬಿಡುವುದೇ ಇಲ್ಲ. ನಮಗೆ ಅರಿವಿಲ್ಲದೆಯೇ ನಾವು ಅದಕ್ಕೆ ಪಾಠವನ್ನು ಹೇಳಿದ್ದೇವೆ.

ಭಯವನ್ನು ಕಳೆಯುವ ಪಾಠವು ಇದಕ್ಕಿಂತ ಕಠಿಣವಾದುದು. ಮೇಯ್ನ್ ಸಂಸ್ಥಾನದ ಬಾರ್ ಹಾರ್ಬರಿನಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಅವರು ನಡೆಸಿದ ದೀರ್ಘ ಸಂಶೋಧನೆಗಳಿಂದ, ಮರಿಯು ಸುಮಾರು 3ರಿಂದ 12 ವಾರಗಳ ವಯಸ್ಸಿನಲ್ಲಿ ಮನುಷ್ಯರ ಸಂಗಕ್ಕೆ ಸುಲಭವಾಗಿ ಒಗ್ಗುವುದೆಂದು ತಿಳಿದುಬಂದಿದೆ. ಆ ಕಾಲವನ್ನು ಮನುಷ್ಯರಿಂದ ದೂರವಾಗಿ ಕಳೆದ ನಾಯಿಗೆ ಅನಂತರ ಪ್ರತಿಯೊಂದನ್ನೂ ನಿಧಾನವಾಗಿ ಪರಿಚಯಿಸಬೇಕಾಗುತ್ತದೆ. ಕಬ್ಬಿಣದ ಬಾಗಿಲಿನ ಸದ್ದಿಗೆ ಬೆಚ್ಚುವ ನಾಯಿಯನ್ನು ಬಾಗಿಲ ಬಳಿಗೆ ಎಳೆದೊಯ್ಯುವುದು ಸಲ್ಲದು. ಬಯಲಿನಲ್ಲಿ ಶಬ್ದದ ತೀವ್ರತೆಯು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. ದೂರವು ಎರಡರಷ್ಟಾದರೆ ತೀವ್ರತೆಯು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಗೋಡೆಗಳ ನಡುವೆ ಪ್ರತಿಧ್ವನಿಯ ಕಾರಣದಿಂದ ಅಷ್ಟು ಇಳಿಯದಿದ್ದರೂ ದೂರವು ಸಹಾಯಕವೇ. ನಾಯಿಯು ನಿಶ್ಚಿಂತೆಯಿಂದ ತಿನ್ನಬಲ್ಲಷ್ಟು ದೂರದಲ್ಲಿ ತಿನಿಸನ್ನು ಕೊಟ್ಟು, ದಿನಕ್ಕೆ ಒಂದೆರಡು ಹೆಜ್ಜೆ ಮುಂದುವರಿಯುತ್ತಾರೆ. ಅದು ತಿನ್ನಲೊಲ್ಲದಿದ್ದರೆ ಹಿಂದಕ್ಕೆ ಸರಿಯುತ್ತಾರೆ. ಇದಕ್ಕೆ ವಾರಗಟ್ಟಲೆ ತಾಳ್ಮೆ ಬೇಕು. ಶಿಕ್ಷೆಯ ದಿನಗಳನ್ನು ಎಣಿಸುತ್ತಿರುವವನಲ್ಲಿ ಆ ದಿನಗಳಿಗೆ ಕೊರತೆಯಿಲ್ಲ.

ಇನ್ನೊಂದು ಸಮಸ್ಯೆಯುಂಟು. ಕೋಣೆಯಲ್ಲಿ ‘ಕೂಡು’ ಎಂದರೆ ಕೂಡುವ ನಾಯಿಯು ಸಂತೆಯಲ್ಲಿಯೂ ಕೂಡುವುದೆಂದು ಹೇಳಲಾಗದು. ಸ್ಥಳವೂ ಮನುಷ್ಯನೂ ಬದಲಾದರೆ ಅದಕ್ಕೆ ಪಾಠವೇ ಹೊಸದಾಗಿ ತೋರುತ್ತದೆ. ಸೆರೆಮನೆಯಲ್ಲಿ ಮಕ್ಕಳಿಲ್ಲ, ವಾಹನಗಳ ಗದ್ದಲವಿಲ್ಲ, ಪೇಟೆಯಿಲ್ಲ. ಜಪಾನಿನ ಷಿಮಾನೆ ಅಸಾಹಿ ಕಾರಾಗೃಹದಲ್ಲಿ 2009ರಿಂದ ಅಂಧರಿಗೆ ದಾರಿತೋರುವ ನಾಯಿಗಳ ಮರಿಗಳನ್ನು ಬಂದಿಗಳ ಕೈಯಲ್ಲಿ ಬೆಳೆಸುವ ಯೋಜನೆಯು ಆರಂಭವಾದಾಗ ಇದಕ್ಕೆ ಒಂದು ಉಪಾಯವನ್ನು ಕಂಡುಕೊಂಡರು. ವಾರದ ಕೆಲಸದ ದಿನಗಳಲ್ಲಿ ಬಂದಿಗಳ ಬಳಿ ಇರುವ ಮರಿಗಳು ವಾರಾಂತ್ಯದಲ್ಲಿ ಸುತ್ತಣ ಊರಿನ ಕುಟುಂಬಗಳಿಗೆ ಹೋಗಿ, ಹೊರಲೋಕವನ್ನು ಕಂಡುಬರುತ್ತವೆ.

ಈ ಶ್ರಮದಿಂದ ನಿಜವಾಗಿ ಫಲವುಂಟೆ? ಹೆನೆಸಿಯವರೂ ಅವರ ಸಂಗಡಿಗರೂ 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಸೆರೆಮನೆಯಲ್ಲಿ ಮೂರು ವಾರ ತರಬೇತಿ ಪಡೆದ ನಾಯಿಗಳನ್ನು ಆಶ್ರಯಗೃಹದಲ್ಲಿಯೇ ಉಳಿದ ನಾಯಿಗಳೊಡನೆ ಹೋಲಿಸಿ ನೋಡಿದರು. ತರಬೇತಿ ಪಡೆದವು ಅಪರಿಚಿತರ ಆಜ್ಞೆಗಳನ್ನೂ ಹೆಚ್ಚಾಗಿ ಪಾಲಿಸಿದುವು. ಮೈಮೇಲೆ ಹಾರುವುದು ಕಡಿಮೆಯಾಗಿತ್ತು. ಬಂದಿಗಳಿಗಾಗುವ ಲಾಭವನ್ನು ಅಳೆಯುವಾಗ ಮಾತ್ರ ವಿದ್ಯಾರ್ಥಿಗಳು ಒಂದು ಎಚ್ಚರವನ್ನು ವಹಿಸಬೇಕು. ಒಳ್ಳೆಯ ನಡತೆಯವರನ್ನೇ ಆರಿಸಿ ನಾಯಿಗಳನ್ನು ಒಪ್ಪಿಸಿದ ಮೇಲೆ, ಅವರ ನಡತೆಯು ಉಳಿದವರಿಗಿಂತ ಉತ್ತಮವಾಗಿದ್ದರೆ ಅದೆಲ್ಲವೂ ನಾಯಿಯ ಪ್ರಭಾವವೆಂದು ಹೇಳುವಂತಿಲ್ಲ. ಹೋಲಿಸುವ ಎರಡು ಗುಂಪುಗಳು ಆರಂಭದಲ್ಲಿ ಸಮಾನವಾಗಿರಬೇಕೆಂಬುದು ಪ್ರಯೋಗದ ಮೊದಲ ನಿಯಮ.

ಈ ವಿಷಯವು ನಮಗೆ ದೂರದ್ದಲ್ಲ. ಬೀದಿನಾಯಿಗಳನ್ನು ಕುರಿತು ಸರ್ವೋಚ್ಚ ನ್ಯಾಯಾಲಯವು 2025ರ ಆಗಸ್ಟ್ 22ರಂದು ನೀಡಿದ ಆದೇಶದಲ್ಲಿ, ನಾಯಿಗಳನ್ನು ದತ್ತು ಪಡೆಯಲಿಚ್ಛಿಸುವವರು ಪೌರಸಂಸ್ಥೆಗೆ ಅರ್ಜಿ ಸಲ್ಲಿಸಬಹುದೆಂದೂ, ಹಾಗೆ ಪಡೆದ ನಾಯಿಯು ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವುದು ಅವರ ಹೊಣೆಯೆಂದೂ ತಿಳಿಸಿತು. ಅದೇ ವರ್ಷದ ನವೆಂಬರ್ 7ರ ಆದೇಶವು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ ಮುಂತಾದ ಆವರಣಗಳಿಂದ ಹಿಡಿದ ನಾಯಿಗಳನ್ನು ಆಶ್ರಯಗೃಹಗಳಲ್ಲಿ ಇರಿಸಬೇಕೆಂದಿತು. ಹಾಗೆ ಸೇರಿದ ನಾಯಿಗಳು ಜೀವಮಾನವೆಲ್ಲ ಗೂಡಿನಲ್ಲಿಯೇ ಕೊಳೆಯಬೇಕೆ, ಅಥವಾ ಮನೆಗೆ ಹೋಗಲು ಯೋಗ್ಯವಾಗಬೇಕೆ? ಎರಡನೆಯದು ಆಗಬೇಕಾದರೆ ಅವುಗಳಿಗೆ ಯಾರಾದರೂ ಕಲಿಸಲೇಬೇಕು. ಮೈಸೂರು, ಬಳ್ಳಾರಿ ಮೊದಲಾದ ಕಾರಾಗೃಹಗಳ ಬಂದಿಗಳು ಹುಲುಗಪ್ಪ ಕಟ್ಟೀಮನಿಯವರ ಮಾರ್ಗದರ್ಶನದಲ್ಲಿ ರಂಗದ ಮೇಲೆ ನಾಟಕಗಳನ್ನಾಡಿ ಜನರ ಮೆಚ್ಚುಗೆ ಗಳಿಸಿದುದನ್ನು ಕನ್ನಡಿಗರು ಬಲ್ಲರು. ಸೆರೆಮನೆಯ ಕಾಲವು ವ್ಯರ್ಥವಾಗಲೇಬೇಕೆಂಬ ನಿಯಮವಿಲ್ಲವೆಂಬುದಕ್ಕೆ ಅದೂ ಒಂದು ನಿದರ್ಶನ.

ಇದನ್ನೋದಿ ಬೀದಿಯ ನಾಯಿಯ ಮೇಲೆ ಪ್ರಯೋಗಕ್ಕೆ ಹೊರಡುವ ತರುಣರಿಗೆ ಒಂದು ಮಾತು. ಸೆರೆಮನೆಗೆ ಬರುವ ನಾಯಿಯನ್ನು ಪಶುವೈದ್ಯರು ಪರೀಕ್ಷಿಸಿ, ಅದಕ್ಕೆ ಲಸಿಕೆ ಹಾಕಿರುತ್ತಾರೆ. ಬೀದಿಯ ನಾಯಿಗೆ ಹಾಕಿರುವರೆಂದು ನಂಬುವಂತಿಲ್ಲ. ರೇಬೀಸ್ ರೋಗದ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆಂದೇ ಹೇಳಬಹುದು. ಆದರೆ ಸಕಾಲದ ಚಿಕಿತ್ಸೆಯಿಂದ ರೋಗವನ್ನು ತಡೆಯಬಹುದು. ನಾಯಿ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು.

ನಮ್ಮ ಮನೆಯಲ್ಲಿಯೇ ಲಸಿಕೆ ಹಾಕಿಸಿದ ನಾಯಿಯಿದ್ದರೆ ಪಾಠವನ್ನು ಇಂದೇ ಆರಂಭಿಸಬಹುದು. ಅದಕ್ಕೆ ಬೇಕಾದುದು ಒಂದು ಹಿಡಿ ತಿನಿಸು, ದಿನಕ್ಕೆ ಹತ್ತು ನಿಮಿಷದ ಬಿಡುವು, ನಾಯಿಯು ಸರಿಯಾದುದನ್ನು ಮಾಡಿದ ಕ್ಷಣವನ್ನು ತಪ್ಪದೆ ಗುರುತಿಸುವ ಗಮನ. ತಿನಿಸೂ ಬಿಡುವೂ ಹೇಗಾದರೂ ಒದಗಿಯಾವು. ಗಮನವನ್ನು ಮಾತ್ರ ಗಿಗ್ ಹಾರ್ಬರಿನ ಬಂದಿಗಳಂತೆ ನಾವೂ ದಿನದಿನವೂ ಅಭ್ಯಾಸದಿಂದಲೇ ಗಳಿಸಬೇಕಾಗುತ್ತದೆ.