ದರದ ಜಾಗದಲ್ಲಿ ‘ಖರೀದಿದಾರ’

ಪಿರಿಯಾಪಟ್ಟಣದ ಹರಾಜು ಮಾರುಕಟ್ಟೆಯಲ್ಲಿ ಹೊಗೆಸೊಪ್ಪಿನ ಬೇಲು ಹಾಕಿ ಬಂದಮೇಲೆ ನಮ್ಮ ಚಿಕ್ಕಪ್ಪ ಚೀಟಿಗಳನ್ನೆಲ್ಲ ನನ್ನ ಮುಂದೆ ಸುರಿಯುತ್ತಾರೆ. ಲೆಕ್ಕ ನನ್ನ ಪಾಲು. ಸಲೀಸಾಗಲಿ ಅಂತ ಪರ್ಲ್ ಭಾಷೆಯಲ್ಲಿ ಪುಟ್ಟ ಸ್ಕ್ರಿಪ್ಟ್ ಬರೆದುಕೊಂಡಿದ್ದೆ. ಒಂದು ಸಂಜೆ ಪ್ರಿಂಟ್ ತೆಗೆದರೆ ಒಂದು ಬೇಲಿನ ತೂಕ 118 ಕಿಲೋ ಸರಿಯಾಗಿದೆ, ದರದ ಜಾಗದಲ್ಲಿ ಮಾತ್ರ ‘ಖರೀದಿದಾರ’ ಎಂಬ ಪದ ಕೂತಿದೆ. “ಇದೇನೋ, ಕಿಲೋಗೆ ಒಬ್ಬೊಬ್ಬ ಖರೀದಿದಾರನಾ?” ಅಂದರು ಚಿಕ್ಕಪ್ಪ.

ಎಡವಟ್ಟಾದ ಸಾಲು ಇದು:

(ತೂಕ => 118, ದರ => ದರ_ಹುಡುಕು(), ಖರೀದಿದಾರ => ಹೆಸರು_ಹುಡುಕು())

ಹೆಸರು (ಅಂದರೆ ಕೀಲಿ) ಕೊಟ್ಟರೆ ಅದಕ್ಕೆ ತಗುಲಿಸಿಟ್ಟ ಬೆಲೆಯನ್ನು ತಟ್ಟನೆ ತೆಗೆದುಕೊಡುವ ಪೆಟ್ಟಿಗೆಗೆ ಪರ್ಲ್‌ನಲ್ಲಿ ಹ್ಯಾಶ್ ಎನ್ನುತ್ತಾರೆ. ಮೇಲಿನ ಬಾಣದ ಗುರುತು ನೋಡಿದವರು ‘ದರ’ವನ್ನು ಅದರ ಬೆಲೆಗೆ ಗಂಟು ಹಾಕಿದೆ ಅಂದುಕೊಳ್ಳುತ್ತಾರೆ. ಪಿಎಚ್‌ಪಿ, ರೂಬಿ ಭಾಷೆಗಳಲ್ಲಿ ಅದು ನಿಜವೂ ಹೌದು. ಪರ್ಲ್‌ನಲ್ಲಿ ಅಲ್ಲ. ಇಲ್ಲಿ ಅದು ಬರೀ ಅಲ್ಪವಿರಾಮ. ಬಳಸುವವರು ‘ಫ್ಯಾಟ್ ಕಾಮಾ’ ಅನ್ನುತ್ತಾರೆ. ಗಂಟು ಹಾಕುವ ಕೆಲಸ ಅದಕ್ಕೆ ಗೊತ್ತೇ ಇಲ್ಲ.

ಮದುವೆಮನೆಯಲ್ಲಿ ಮುಯ್ಯಿ ಬರೆಯುವ ಪುಸ್ತಕ ನೆನೆಸಿಕೊಳ್ಳಿ. ಗೆರೆ, ಕಲಂ ಏನೂ ಇಲ್ಲದೆ ಹೆಸರು, ಹಣ, ಹೆಸರು, ಹಣ ಅಂತ ಒಂದೇ ಸಮನೆ ಬರೆದಿದ್ದಾರೆ. ಓದುವವನು ಎರಡೆರಡು ಪದ ಎತ್ತಿ ಜೋಡಿ ಮಾಡುತ್ತಾನೆ. ಒಬ್ಬರ ಹಣ ಬರೆಯಲು ಮರೆತರೆ ಮುಂದಿನವರ ಹೆಸರೇ ಅವರ ಮುಯ್ಯಿ! ಪರ್ಲ್ ಹ್ಯಾಶ್ ಕಟ್ಟುವುದು ಹೀಗೇ. ಮೊದಲು ಎಲ್ಲವನ್ನೂ ಒಂದು ಉದ್ದ ಪಟ್ಟಿಯಾಗಿ ಹಾಸುತ್ತದೆ, ಆಮೇಲೆ ಎರಡೆರಡಾಗಿ ಎತ್ತುತ್ತದೆ.

ನನ್ನ ಬೇಲು ಅವತ್ತು ಮಾರಾಟವಾಗದೆ ವಾಪಸ್ ಬಂದದ್ದು. ದರ ಹುಡುಕುವ ಫಂಕ್ಷನ್ ಬರಿಗೈಯಲ್ಲಿ ಬಂತು, ಅಂದರೆ ಸೊನ್ನೆಯನ್ನೂ ತರಲಿಲ್ಲ, ಖಾಲಿ ಪಟ್ಟಿ ತಂದಿತು. ಪಟ್ಟಿಯೊಳಗೆ ಖಾಲಿ ಪಟ್ಟಿ ಹಾಸಿದರೆ ಜಾಗವೇ ಹಿಡಿಯುವುದಿಲ್ಲ. ಹೆಸರು ಹುಡುಕುವ ಫಂಕ್ಷನ್ನೂ ಹಾಗೇ ಮಾಡಿತು. ಉಳಿದದ್ದು ನಾಲ್ಕೇ: ತೂಕ, 118, ದರ, ಖರೀದಿದಾರ. ಒಂದೇ ಫಂಕ್ಷನ್ ಕೈಕೊಟ್ಟಿದ್ದರೆ ಪಟ್ಟಿ ಬೆಸವಾಗಿ, ಎಚ್ಚರಿಕೆಗಳನ್ನು ಚಾಲೂ ಇಟ್ಟಿದ್ದ ಪರ್ಲ್ ಗೊಣಗುತ್ತಿತ್ತು. ಎರಡೂ ಕೈಕೊಟ್ಟಿದ್ದರಿಂದ ಸಮಸಂಖ್ಯೆಯಾಗಿ ಗುಟ್ಟು ಮುಚ್ಚಿಹೋಯಿತು.

ಫ್ಯಾಟ್ ಕಾಮಾಗೆ ಒಂದೇ ಒಂದು ಹೆಚ್ಚುವರಿ ಕೆಲಸವಿದೆ: ಎಡಗಡೆಯ ಒಂಟಿ ಪದಕ್ಕೆ ತಾನೇ ಉದ್ಧರಣ ಚಿಹ್ನೆ ತೊಡಿಸುವುದು. ಇದೂ ಕೆಲವೊಮ್ಮೆ ಅತಿವಿನಯವೇ. ‘ವರ್ಷ’ ಎಂಬ ಸ್ಥಿರಾಂಕಕ್ಕೆ 2023 ಅಂತ ಕೊಟ್ಟಿದ್ದರೂ ಬಾಣದ ಎಡಕ್ಕೆ ಇಟ್ಟರೆ ಕೀಲಿ ‘ವರ್ಷ’ವೇ ಆಗುತ್ತದೆ. ವರ್ಷ() ಎಂದು ಬರೆದರೆ 2023 ಸಿಗುತ್ತದೆ.

ಲ್ಯಾರಿ ವಾಲ್ 1987ರಲ್ಲಿ ಹೊರತಂದ ಭಾಷೆ ಇದು. ಪಟ್ಟಿಗಳನ್ನು ಹೀಗೆ ಸಲೀಸಾಗಿ ಹಾಸುವುದೇ ಅದರ ಸೊಗಸು ಅನ್ನುವವರಿದ್ದಾರೆ. ಎರಡು ಹ್ಯಾಶ್‌ಗಳನ್ನು ಪಕ್ಕಪಕ್ಕ ಇಟ್ಟು ಒಂದು ಮಾಡುವಾಗ ನಾನೂ ಒಪ್ಪುತ್ತೇನೆ. ಆದರೆ ಪೆಟ್ಟೂ ದೊಡ್ಡದೇ. ಸಾಫ್ಟ್‌ವೇರ್ ದೋಷಗಳ ದಾಖಲೆ ಇಡುವ ಬಗ್‌ಜಿಲ್ಲಾದಲ್ಲಿ ಹೊಸ ಖಾತೆ ತೆರೆಯುವ ಕಡೆ ಇದೇ ಬಗೆಯ ಸಾಲು ಇತ್ತು. ಫಾರಂನಲ್ಲಿ ‘ನಿಜ ಹೆಸರು’ ಎಂಬ ಒಂದೇ ಅಂಕಣಕ್ಕೆ ಮೂರು ಉತ್ತರ ಕಳಿಸಿದರೆ ಮೂರೂ ಪಟ್ಟಿಯಲ್ಲಿ ಹಾಸಿಕೊಳ್ಳುತ್ತಿದ್ದವು. ಮೊದಲನೆಯದು ಹೆಸರಾಗಿ, ಉಳಿದೆರಡು ಹೊಸ ಜೋಡಿಯಾಗಿ ಲಾಗಿನ್ ವಿಳಾಸವನ್ನೇ ಬದಲಿಸುತ್ತಿದ್ದವು, ಏಕೆಂದರೆ ಒಂದೇ ಕೀಲಿ ಎರಡು ಸಲ ಬಂದರೆ ಹ್ಯಾಶ್‌ನಲ್ಲಿ ಕೊನೆಯದ್ದೇ ನಿಲ್ಲುತ್ತದೆ. ತನ್ನದಲ್ಲದ ಇಮೇಲ್ ವಿಳಾಸದಲ್ಲಿ ಖಾತೆ ತೆರೆಯಬಹುದಿತ್ತು. ಚೆಕ್ ಪಾಯಿಂಟ್ ಸಂಸ್ಥೆಯವರು ಕಂಡುಹಿಡಿದ ಈ ಕಿಂಡಿ 2014ರ ಅಕ್ಟೋಬರ್‌ನಲ್ಲಿ ಬಹಿರಂಗವಾಯಿತು.

ಮದ್ದು ಸಣ್ಣದು. ಫಂಕ್ಷನ್ ಹೆಸರಿಗಿಂತ ಮೊದಲು ‘ಸ್ಕೇಲಾರ್’ ಎಂಬ ಪದ ಇಟ್ಟರೆ ಅದು ಒಂದೇ ಒಂದು ಬೆಲೆ ತರಬೇಕು. ಏನೂ ಸಿಗದಿದ್ದರೆ ಜಾಗ ಖಾಲಿ ಉಳಿಯುತ್ತದೆ, ಪಕ್ಕದವನು ಬಂದು ಕೂರುವುದಿಲ್ಲ. ಚಿಕ್ಕಪ್ಪನ ಪ್ರಿಂಟ್‌ನಲ್ಲಿ ಈಗ ವಾಪಸ್ ಬಂದ ಬೇಲಿನ ದರದ ಜಾಗ ಖಾಲಿ ಇರುತ್ತದೆ.